"ಎಷ್ಟು ಇಂಚು ಎತ್ತಿಸಿದ್ದೀರಿ?" ಅಂತ ಕೇಳುವವರಿಗೆಲ್ಲ

ಸೊನ್ನೆ.

ಪೆಟ್ರೋಲ್ ಬಂಕ್‌ನಲ್ಲಿ, ಸಂತೆಯಲ್ಲಿ, ಮದುವೆ ಛತ್ರದ ಪಾರ್ಕಿಂಗ್‌ನಲ್ಲಿ ನನ್ನ ಹಳೇ ಪಿಕಪ್‌ಗೆ ಒಂದು ಪ್ರದಕ್ಷಿಣೆ ಹಾಕಿ ಈ ಪ್ರಶ್ನೆ ಕೇಳುವ ಎಲ್ಲರಿಗೂ ಇದೇ ಉತ್ತರ. ಸ್ಪ್ರಿಂಗ್ ಬದಲಿಸಿಯೋ, ನಡುವೆ ತುಂಡು ಇಟ್ಟೋ ಗಾಡಿಯನ್ನು ಕಂಪನಿ ಕೊಟ್ಟ ಎತ್ತರಕ್ಕಿಂತ ಮೇಲೇರಿಸುವುದಕ್ಕೆ ಎತ್ತಿಸುವುದು, ಲಿಫ್ಟ್ ಅನ್ನುತ್ತಾರೆ. ಸೊನ್ನೆ ಇಂಚು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ವಾಟ್ಸಾಪ್ ಮಾಡುತ್ತೇನೆ.

ಸೊನ್ನೆ ಅಂದರೆ ಯಾರೂ ನಂಬುವುದಿಲ್ಲ. "ಹೇಳಕ್ಕೆ ಇಷ್ಟ ಇಲ್ಲ ಅಂದ್ರೆ ಬಿಡಿ ಸಾರ್" ಅಂತ ಮುಖ ಊದಿಸಿಕೊಳ್ಳುತ್ತಾರೆ. ನಾನೇನು ಔಷಧಿ ಗುಟ್ಟು ಮುಚ್ಚಿಡುವ ಪಂಡಿತನಾ? ಗಾಡಿ 2016ರ ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್. ಭಾರತಕ್ಕೆ ಆ ಮಾಡೆಲ್ ಬಂದ ವರ್ಷದ್ದೇ. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ದುಡಿಯುವ ಗಾಡಿ. ಮುಂದಿನ ಸುರುಳಿ (ಕಾಯಿಲ್) ಸ್ಪ್ರಿಂಗ್, ಹಿಂದೆ ಸ್ಪ್ರಿಂಗ್ ಕೆಲಸ ಮಾಡುವ ಉಕ್ಕಿನ ಕಮಾನ್ ಪಟ್ಟಿಗಳ ಕಟ್ಟು, ನಾಲ್ಕೂ ಶಾಕ್ ಅಬ್ಸಾರ್ಬರ್, ಕೀಲುಗಳಲ್ಲಿ ಕೂರುವ ರಬ್ಬರ್ ಬುಶ್‌ಗಳು, ಎಲ್ಲ ಹೊಸದು ಹಾಕಿಸಿದ್ದೇನೆ. ಎಲ್ಲವೂ ಕಂಪನಿ ಎತ್ತರದ್ದೇ. ಅಷ್ಟೇ.

ಮತ್ತೆ ಎತ್ತರ ಯಾಕೆ ಕಾಣುತ್ತದೆ? ನನ್ನದು ಎದ್ದಿಲ್ಲ ಸ್ವಾಮಿ, ನಿಮ್ಮದು ಕೂತಿದೆ. ವರ್ಷಗಟ್ಟಲೆ ಮೂಟೆ ಹೊತ್ತ ಪಟ್ಟಿ ಬಾಗು ಕಳೆದುಕೊಂಡು ಚಪ್ಪಟೆಯಾಗುತ್ತದೆ. ಬುಶ್ ಸವೆಯುತ್ತದೆ. ಗಾಡಿ ದಿನಾ ಒಂದು ಕೂದಲೆಳೆಯಷ್ಟು ಇಳಿದರೆ ಮಾಲೀಕನಿಗೆ ಗೊತ್ತಾಗುವುದಿಲ್ಲ. ಹಳೇ ಪಿಕಪ್‌ನಲ್ಲಿ ಒಂದು ಇಂಚು, ಅದಕ್ಕೂ ಜಾಸ್ತಿ ಹೀಗೆ ಮಾಯವಾಗಿರುತ್ತದೆ. ಊರಿನ ಗಾಡಿಗಳೆಲ್ಲ ಕೂತಿರುವಾಗ ನೆಟ್ಟಗೆ ನಿಂತ ಗಾಡಿ ಎತ್ತರ ಕಾಣದೆ ಇನ್ನೇನು?

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಕೇಳುವ ರೀತಿಗೆ. ಅಂಗಡಿಯಲ್ಲಿ ಬಟ್ಟೆ ಹರಿಸುವ ಹಾಗೆ "ಎರಡು ಇಂಚು ಸಾಕಾ, ನಾಲ್ಕು ಹಾಕಿಸ್ಲಾ?" ಅನ್ನುತ್ತಾರೆ. ಎಲ್ಲಿ ಓಡಿಸ್ತೀಯ, ಏನು ಹೊರಿಸ್ತೀಯ, ಕೆಳಗೆ ಏನು ತಾಗ್ತಿದೆ ಅಂತ ತಿರುಗಿ ಕೇಳಿದರೆ ಉತ್ತರ ಇರುವುದಿಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ದೂರದ ಸಂಬಂಧಿಕರ ಹುಡುಗ ಒಬ್ಬ ಮನೆಗೆ ಬಂದ. ಅವನದೂ ಇದೇ ಮಾಡೆಲ್, ಸೆಕೆಂಡ್ ಹ್ಯಾಂಡ್. ನಾಲ್ಕು ಇಂಚು ಎತ್ತಿಸಿದ್ದ. ಪಕ್ಕದ ಸೀಟಿನಲ್ಲಿ ಅವನ ಅಜ್ಜಿ. ಇಳಿಸಿಕೊಳ್ಳಲು ನಮ್ಮ ಮನೆಯಿಂದ ಸ್ಟೂಲು ಹೋಯಿತು. ಅಜ್ಜಿ ಸ್ಟೂಲಿನ ಮೇಲೆ ಒಂದು ಕಾಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇದಕ್ಕೆ ಏಣಿ ಮಾಡಿಸ್ತೀಯೋ, ನಾನು ಬಸ್ಸಿಗೆ ಹೋಗ್ಲೋ, ಎರಡರಲ್ಲಿ ಒಂದು ಹೇಳು" ಅಂದರು.

ಹುಡುಗ ಅದನ್ನು ಕೇಳಿಸಿಕೊಳ್ಳಲಿಲ್ಲ. "ಮಾವ, ಇನ್ನೆರಡು ಇಂಚು ಹಾಕಿಸಬಹುದಾ?" ಅಂದ.

"ಯಾಕಪ್ಪಾ?"

"ಇನ್ನೂ ತಾಗ್ತಿದೆ ಮಾವ. ಮೊದಲು ಎಲ್ಲಿ ತಾಗ್ತಿತ್ತೋ ಅಲ್ಲೇ."

ತೋಟದ ರಸ್ತೆ ನೋಡಿದವರಿಗೆ ಇದು ಗೊತ್ತು. ಟ್ರ್ಯಾಕ್ಟರ್ ಚಕ್ರ ಎರಡು ಕಡೆ ಆಳವಾಗಿ ಕೊರೆದಿರುತ್ತದೆ, ನಡುವೆ ದಿಬ್ಬ ಉಳಿಯುತ್ತದೆ. ಪಿಕಪ್‌ನ ಹಿಂದಿನ ಎರಡೂ ಚಕ್ರ ಸೇರಿಸುವ ಆಕ್ಸಲ್ ನಡುವೆ, ಗೇರುಗಳನ್ನು ಮುಚ್ಚಿದ ಗಡಿಗೆ ಗಾತ್ರದ ಹೌಸಿಂಗ್ ಇರುತ್ತದಲ್ಲ, ಮೊದಲು ಮಣ್ಣು ಉಳುವುದು ಅದೇ. ನಾನು ಅಳತೆ ಟೇಪ್ ತಂದು ಅವನ ಕೈಗೆ ಕೊಟ್ಟೆ. ಎರಡೂ ಗಾಡಿಯ ಟೈರ್ ಒಂದೇ ಸೈಜು, 245/70 ಆರ್16. ನೆಲದಿಂದ ಹೌಸಿಂಗ್‌ನ ತಳಕ್ಕೆ ಅವನದು ಎಷ್ಟು, ನನ್ನದು ಎಷ್ಟು ಅಂತ ಮಲಗಿ ಅಳೆದ. ಎದ್ದು ಬಂದು ಟೇಪನ್ನೇ ನೋಡುತ್ತಾ ನಿಂತ. ಎರಡೂ ಒಂದೇ.

ಒಂದೇ ಇರಲೇಬೇಕು. ಸಸ್ಪೆನ್ಷನ್ (ಸ್ಪ್ರಿಂಗ್, ಪಟ್ಟಿ, ಶಾಕ್) ಎತ್ತಿಸಿದರೆ ಮೇಲೆ ಹೋಗುವುದು ಛಾಸಿಸ್ ಅನ್ನುವ ಚೌಕಟ್ಟು, ಬಾಡಿ, ಸೀಟು ಮತ್ತು ಅಜ್ಜಿ. ಆಕ್ಸಲ್ ಚಕ್ರದ ಮಧ್ಯದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ಟೈರ್ ಒಂದೇ. ಲೆಕ್ಕ ಹಾಕಿ ನೋಡಿ. 245/70 ಆರ್16 ಟೈರಿನ ಒಟ್ಟು ಎತ್ತರ ಸುಮಾರು 749 ಮಿಲಿಮೀಟರ್. 265/75 ಆರ್16 ಹಾಕಿದರೆ 804. ವ್ಯತ್ಯಾಸ 55, ಅದರಲ್ಲಿ ಅರ್ಧ ಮಾತ್ರ ಆಕ್ಸಲ್ ಕೆಳಗೆ ಸಿಗುತ್ತದೆ. ಅಂದರೆ 27 ಮಿಲಿಮೀಟರ್ ಚಿಲ್ಲರೆ, ಹೆಚ್ಚುಕಡಿಮೆ ಒಂದು ಇಂಚು. ಅದಕ್ಕೆ ಬದಲಾಗಿ ಏರಿನಲ್ಲಿ ಎಂಜಿನ್ ಸೊರಗುತ್ತದೆ, ಮೀಟರ್ 80 ತೋರಿಸುವಾಗ ಗಾಡಿ 86ರಲ್ಲಿ ಓಡುತ್ತಿರುತ್ತದೆ.

ಲಿಫ್ಟ್‌ನಿಂದ ಏನೂ ಸಿಗುವುದಿಲ್ಲ ಅಂತಲ್ಲ. ಮುಂದಿನ ಬಂಪರ್, ಫುಟ್‌ಬೋರ್ಡ್, ಛಾಸಿಸ್‌ನ ಹೊಟ್ಟೆ ಎತ್ತರಕ್ಕೆ ಹೋಗುತ್ತವೆ. ಕಡಿದಾದ ಏರು ಶುರುವಾಗುವಲ್ಲಿ ಮೂತಿ ತಾಗುವುದು ತಪ್ಪುತ್ತದೆ. ದೊಡ್ಡ ಟೈರಿಗೆ ಜಾಗವಾಗುತ್ತದೆ. ನಿಮ್ಮ ತೊಂದರೆ ಅದೇ ಆಗಿದ್ದರೆ ಸರಿ. ಆ ಹುಡುಗನ ತೊಂದರೆ ಅದಾಗಿರಲಿಲ್ಲ. ಒಂದು ಪಿಕಾಸಿ, ಒಂದು ಲೋಡ್ ಜಲ್ಲಿ ಇದ್ದಿದ್ದರೆ ಆ ದಿಬ್ಬದ ಕಥೆ ಮುಗಿದುಹೋಗುತ್ತಿತ್ತು.

ಅವನ ಗಾಡಿ ಕೆಳಗೆ ಮಲಗಿದ ಮೇಲೆ ಉಳಿದದ್ದೂ ಕಂಡಿತು. ಮುಂದೆ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಸೇರಿದ ಕಂಬದ ಮೇಲೆ ಸ್ಪೇಸರ್ ಅನ್ನುವ ತುಂಡು ಕೂರಿಸಿದ್ದರು. ಈ ಗಾಡಿಗೆ ಮುಂದೆ ಡಬಲ್ ವಿಶ್‌ಬೋನ್, ಅಂದರೆ ಚಕ್ರ ಹಿಡಿಯಲು ಮೇಲೊಂದು, ಕೆಳಗೊಂದು ಆರ್ಮ್. ಸ್ಪ್ರಿಂಗ್ ಕೆಳಗಿನ ಆರ್ಮ್‌ನ ನಡುವಿನಲ್ಲೆಲ್ಲೋ ಕೂರುವುದರಿಂದ ಮೇಲೆ ಇಟ್ಟ ಒಂದು ಇಂಚಿನ ತುಂಡು ಚಕ್ರದ ಹತ್ತಿರ ಸುಮಾರು ಎರಡು ಇಂಚಾಗುತ್ತದೆ. ಇದು ತಿಳಿಯದೆ ದಪ್ಪ ತುಂಡು ಹಾಕಿದರೆ ಮುಂದಿನ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಓರೆಯಾಗಿ ನಿಲ್ಲುತ್ತದೆ. ಅವನದರಲ್ಲಿ ಶಾಫ್ಟ್‌ನ ಕೀಲು ಮುಚ್ಚುವ ರಬ್ಬರ್ ಬೂಟ್ ಹರಿದು ಗ್ರೀಸ್ ಸುತ್ತಲೂ ಸಿಡಿದಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟಕ್ ಟಕ್. ಇನ್ನು ಹಳ್ಳಕ್ಕೆ ಚಕ್ರ ಇಳಿಯಬೇಕೆಂದರೆ ಆರ್ಮ್‌ಗೆ ಇಳಿಯಲು ಜಾಗವೇ ಉಳಿದಿರಲಿಲ್ಲ. ಎತ್ತರ ಬಂತು, ಚಕ್ರ ನೆಲ ಬಿಟ್ಟಿತು.

ಹಿಂದೆ ಪಟ್ಟಿಗೂ ಆಕ್ಸಲ್‌ಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಉದ್ದದ ಯು ಬೋಲ್ಟ್ ಬಿಗಿದಿದ್ದರು. ಎಲ್ಲಕ್ಕಿಂತ ಅಗ್ಗದ ದಾರಿ. ಬ್ಲಾಕ್ ದಪ್ಪ ಆದಷ್ಟೂ ಆಕ್ಸಲ್ ಪಟ್ಟಿಯನ್ನು ತಿರುಚುತ್ತದೆ, ಏರಿನಲ್ಲಿ ಕ್ಲಚ್ ಬಿಟ್ಟಾಗ ಹಿಂಭಾಗ ಕುಪ್ಪಳಿಸುತ್ತದೆ. ಗೇರ್‌ಬಾಕ್ಸ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗಿ ಹೊರಡುವಾಗ ಗಾಡಿ ನಡುಗುತ್ತದೆ. ಪಟ್ಟಿಯ ತುದಿಯನ್ನು ಛಾಸಿಸ್‌ಗೆ ಸೇರಿಸುವ ಕೊಂಡಿ, ಶ್ಯಾಕಲ್, ಉದ್ದ ಮಾಡುವುದು ಇನ್ನೊಂದು ದಾರಿ. ಎರಡು ಇಂಚು ಉದ್ದ ಮಾಡಿದರೆ ಒಂದು ಇಂಚು ಏಳುತ್ತದೆ, ಕೋನ ಅಲ್ಲೂ ಕೆಡುತ್ತದೆ. ಪಟ್ಟಿಯ ಕಟ್ಟಿಗೆ ಒಂದು ಪ್ಲೇಟ್ ಜಾಸ್ತಿ ಸೇರಿಸಿದರೆ ಎತ್ತರ ಬರುತ್ತದೆ, ಖಾಲಿ ಗಾಡಿಯಲ್ಲಿ ಸೊಂಟ ಹೋಗುತ್ತದೆ. ಹಳೇ ಪಟ್ಟಿಯನ್ನೇ ಹೊಡೆಸಿ ಬಾಗಿಸುವವರಿದ್ದಾರೆ. ಸ್ವಲ್ಪ ದಿನ ನಿಲ್ಲುತ್ತದೆ, ಮತ್ತೆ ಕೂರುತ್ತದೆ. ಮಾಡಿಸುವುದೇ ಆದರೆ ಪೂರ್ತಿ ಹೊಸ ಕಟ್ಟು ಹಾಕಿಸಿ.

ಇದ್ಯಾವುದೂ ನನ್ನನ್ನು ಅಷ್ಟು ಹೆದರಿಸುವುದಿಲ್ಲ. ಹೆದರಿಸುವುದು ಬ್ರೇಕ್. ಹಳೇ ಪಿಕಪ್‌ಗಳಲ್ಲಿ ಹಲವಕ್ಕೆ ಹಿಂದೆ ಲೋಡ್ ನೋಡಿ ಬ್ರೇಕ್ ಒತ್ತಡ ಹಂಚುವ ವಾಲ್ವ್ ಇರುತ್ತದೆ. ಛಾಸಿಸ್‌ಗೂ ಆಕ್ಸಲ್‌ಗೂ ನಡುವೆ ಒಂದು ಸಣ್ಣ ಕಡ್ಡಿ. ಭಾರ ಬಿದ್ದು ಗಾಡಿ ಕೂತರೆ ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್, ಖಾಲಿಯಾಗಿ ಎದ್ದರೆ ಕಡಿಮೆ. ಗಾಡಿ ಎತ್ತಿಸಿ ಆ ಕಡ್ಡಿಯನ್ನು ಸರಿ ಮಾಡಿಸದೆ ಬಿಟ್ಟರೆ, ಮೂಟೆ ತುಂಬಿದ್ದರೂ ವಾಲ್ವ್ ಗಾಡಿ ಖಾಲಿ ಅಂತಲೇ ತಿಳಿಯುತ್ತದೆ. ಹಾಗೆ ಚಾರ್ಮಾಡಿ ಘಾಟಿ ಇಳಿಯುವುದನ್ನು ಯೋಚಿಸಿ. ಎತ್ತಿಸಿದ ಎಷ್ಟು ಜನ ಆ ಕಡ್ಡಿ ನೋಡಿದ್ದೀರಿ?

ಹಾಗಾದರೆ ನೀವು ಏನು ಕೇಳಬೇಕಿತ್ತು? "ನನ್ನ ಗಾಡಿ ಎಷ್ಟು ಕೂತಿದೆ?" ಅಂತ. ಇದಕ್ಕೆ ಉತ್ತರ ನಾನು ಖುಷಿಯಿಂದ ಕೊಡುತ್ತೇನೆ, ಕಾಫಿನೂ ಕೊಡುತ್ತೇನೆ. ಸಮ ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ. ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನಾಲ್ಕೂ ಕಡೆ. ನೆಲದಿಂದ ಅಳೆದರೆ ಟೈರ್ ಗಾಳಿ, ಸವೆತ ಎಲ್ಲ ಲೆಕ್ಕ ಕೆಡಿಸುತ್ತವೆ. ಹೊಸ ಗಾಡಿಯ ಅಳತೆ ಜೊತೆ ಹೋಲಿಸಿ. ಡ್ರೈವರ್ ಕಡೆ ಒಂದಿಷ್ಟು ಜಾಸ್ತಿ ಇಳಿದಿದ್ದರೆ ಆಶ್ಚರ್ಯ ಬೇಡ, ಎಷ್ಟೋ ಸಲ ಅಲ್ಲಿ ಒಬ್ಬನೇ ಕೂತು ಓಡಿಸಿರುತ್ತೀರಿ.

ಆಮೇಲೆ ಭಾರದ ಲೆಕ್ಕ. ನಾನು ಸುಗ್ಗಿಯಲ್ಲಿ 50 ಕೆಜಿಯ ಹತ್ತು ಮೂಟೆ ಹಾಕುತ್ತೇನೆ, ಅರ್ಧ ಟನ್. ಉಳಿದ ದಿನ ಗೊಬ್ಬರ, ಪೈಪು, ಆಳುಗಳ ಬುತ್ತಿ. ಅದಕ್ಕೆ ಕಂಪನಿ ಪಟ್ಟಿಯೇ ಸಾಕು. ಹಿಂದೆ ಕಬ್ಬಿಣದ ಮುಚ್ಚುಗೂಡು (ಕ್ಯಾನೊಪಿ) ಕೂರಿಸಿ, ಮುಂದೆ ಭಾರದ ಬಂಪರ್ ಕಟ್ಟಿ ವರ್ಷವಿಡೀ ತಿರುಗುವವರಿಗೆ ಗಟ್ಟಿ ಸ್ಪ್ರಿಂಗ್ ಬೇಕು. ಖಾಲಿ ಗಾಡಿಗೆ ಭಾರದ ಸ್ಪ್ರಿಂಗ್ ಹಾಕಿಸಿ ಎತ್ತರ ಬಂತು ಅಂತ ಹಿಗ್ಗುವವರನ್ನು ನೋಡಿದ್ದೇನೆ. ಹಿಂದಿನ ಸೀಟಿನಲ್ಲಿ ಕೂತ ಹೆಂಡತಿ ಮಕ್ಕಳನ್ನು ಒಮ್ಮೆ ಕೇಳಿ ನೋಡಿ.

"ಆರ್‌ಟಿಓ ಹಿಡೀತಾರಾ?" ಅಂತ ಎಲ್ಲರೂ ಕೊನೆಯಲ್ಲಿ, ದನಿ ತಗ್ಗಿಸಿ ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಅದು. ಗಾಡಿ ಬದಲಾಯಿಸುವುದಕ್ಕೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಮಾಡಿಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ, ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು, ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತಾಗಿದೆ. "ಯಾರೂ ಹಿಡಿಯಲ್ಲ ಮಾವ" ಅಂದ ಹುಡುಗ. ಹಿಡಿಯದೇ ಇರಬಹುದು. ಅಪಘಾತವಾದಾಗ ಇನ್ಶೂರೆನ್ಸ್ ಸರ್ವೇಯರ್ ಬಂದು ಕೆಳಗೆ ಬಗ್ಗುತ್ತಾನಲ್ಲ, ಅವನಿಗೂ ಇದೇ ಮಾತು ಹೇಳು ಅಂದೆ.

ಇಷ್ಟೆಲ್ಲ ಓದಿಯೂ ಸ್ಪ್ರಿಂಗ್ ಬದಲಾಯಿಸಲು ಹೊರಟವರಿಗೆ, ಕಂಪನಿ ಎತ್ತರದ್ದೇ ಆದರೂ, ಒಂದು ಕೆಲಸ ಉಳಿದಿದೆ. ಬುಶ್ ಬೋಲ್ಟ್‌ಗಳನ್ನು ಗಾಡಿ ಜಾಕ್ ಮೇಲೆ ತೂಗಾಡುವಾಗ ಬಿಗಿಸಲು ಬಿಡಬೇಡಿ. ಚಕ್ರ ನೆಲಕ್ಕೆ ಇಳಿಸಿ, ಭಾರ ಬಿದ್ದ ಮೇಲೆ ಬಿಗಿಸಲಿ, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಎಲ್ಲಿಗೆ ಬೀಳುತ್ತಿದೆ ನೋಡಿ. ನಾಲ್ಕೈದು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಹೊಸ ಪಟ್ಟಿ ಕೂತಾಗ ಅವು ಸಡಿಲವಾಗುತ್ತವೆ. ಗ್ಯಾರೇಜಿನವರು ತಾವಾಗಿ ಕರೆದು ಹೇಳುವುದಿಲ್ಲ, ನೀವೇ ಹೋಗಬೇಕು.