ಡೈವಿಂಗ್ ಮಾಡಿಸಿದವರ ಕೈಗೆ ಎಷ್ಟು ಕೊಡಬೇಕು?

ನಮ್ಮ ಸಾಗರ ಪೇಟೆಯ ಸುತ್ತಮುತ್ತ ಯಾರಾದರೂ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೊರಟರೆ, ಹಿಂದಿನ ದಿನ ಸಂಜೆ ನನಗೊಂದು ಫೋನ್ ಬರುವುದು ವಾಡಿಕೆಯಾಗಿದೆ. ಈಜು ಬಾರದಿದ್ದರೆ ನಡೆಯುತ್ತದೆಯೇ, ಕನ್ನಡಕ ಏನು ಮಾಡುವುದು, ಬೋಟಿನಲ್ಲಿ ವಾಂತಿಯಾಗುತ್ತದೆಯೇ ಎಂಬುದನ್ನೆಲ್ಲ ಗಟ್ಟಿಯಾಗಿಯೇ ಕೇಳಿದವರು, ಕೊನೆಗೆ ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದಿದೆ: "ನೀರಿನೊಳಗೆ ಕರೆದುಕೊಂಡು ಹೋಗುತ್ತಾರಲ್ಲ, ಅವರ ಕೈಗೆ ಏನಾದರೂ ಕೊಡಬೇಕಾ? ಎಷ್ಟು?"

ಕೊಡಲೇಬೇಕೆಂಬ ನಿಯಮವಿಲ್ಲ; ಸಾಧ್ಯವಿದ್ದರೆ ಕೊಡಿ; ಆದರೆ ದಯವಿಟ್ಟು ಒಬ್ಬರಿಗೇ ಕೊಟ್ಟು ಬರಬೇಡಿ. ಮೊದಲ ಎರಡು ಮಾತನ್ನು ಫೋನಿನಲ್ಲೇ ಹೇಳಿ ಮುಗಿಸಬಹುದು. ಇಷ್ಟುದ್ದ ಬರೆಯುತ್ತಿರುವುದು ಮೂರನೆಯದಕ್ಕಾಗಿ.

ನಮ್ಮ ಕಡೆ ಅಡಿಕೆ ಕೊಯ್ಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು, ಮರದ ತುದಿಯಲ್ಲಿ ಕುಳಿತು, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ದಾಟುವಾಗ ಪೇಟೆಯಿಂದ ಬಂದ ನೆಂಟರು ಬಾಯಿಬಿಟ್ಟು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಕೆಳಗೆ ಹಗ್ಗದ ತುದಿ ಹಿಡಿದು, ಜಾರಿ ಬರುವ ಗೊನೆ ನೆಲಕ್ಕೆ ಬಡಿದು ಚೆದುರದಂತೆ ಇಳಿಸಿಕೊಳ್ಳುವವನ ಫೋಟೋ ಯಾರ ಮೊಬೈಲಿನಲ್ಲೂ ಇರುವುದಿಲ್ಲ. ಆದರೆ ತೋಟದ ಯಜಮಾನನಿಗೆ ಅವನಿಲ್ಲದೆ ಕೊಯ್ಲು ಸಾಗದೆಂದು ಗೊತ್ತಿರುವುದರಿಂದ ಸಂಜೆ ಲೆಕ್ಕ ಮಾಡುವಾಗ ಇಬ್ಬರನ್ನೂ ಒಟ್ಟಿಗೇ ಕೂರಿಸಿಕೊಳ್ಳುತ್ತಾನೆ. ಡೈವಿಂಗ್ ಬೋಟಿನಲ್ಲಿ ನಾವೆಲ್ಲ ಪೇಟೆಯ ನೆಂಟರು.

ನಾನೂ ಹಾಗೆಯೇ ಆಗಿದ್ದೆ. ಮೊದಲ ಸಲ ಇಳಿದಾಗ ಮೂರು ಮೀಟರ್ ಆಳದಲ್ಲೇ ನನ್ನ ಕಿವಿ ಸೂಜಿ ಚುಚ್ಚಿದಂತೆ ನೋಯತೊಡಗಿತು. ಇನ್‌ಸ್ಟ್ರಕ್ಟರ್ ನನ್ನ ಬೆನ್ನ ಹಿಂದೆ ಸಿಲಿಂಡರಿನ ಕುತ್ತಿಗೆ ಹಿಡಿದುಕೊಂಡಿದ್ದವನು, ನಾನು ಕಿವಿ ತೋರಿಸಿದ ಕ್ಷಣವೇ ಒಂದು ಮಾರು ಮೇಲಕ್ಕೆತ್ತಿ, ಮೂಗು ಹಿಡಿದು ಊದುವಂತೆ ತನ್ನ ಮೂಗನ್ನೇ ಹಿಡಿದು ತೋರಿಸಿ, ನೋವು ಹೋಗುವವರೆಗೆ ಅಲ್ಲಾಡದೆ ಕಾದ. ಖುಷಿಯಲ್ಲಿ ನಾನು ಹೆಬ್ಬೆರಳೆತ್ತಿ ತೋರಿಸಿದೆ. ನೀರೊಳಗೆ ಆ ಸನ್ನೆಗೆ 'ಮೇಲೆ ಹೋಗೋಣ' ಎಂದು ಅರ್ಥವಾದ್ದರಿಂದ ಅವನು ತಲೆಯಲ್ಲಾಡಿಸಿ ನನ್ನ ಬೆರಳುಗಳನ್ನು ತಾನೇ ಮಡಚಿ 'ಓಕೆ' ಮಾಡಿಸಿದ. ದಡಕ್ಕೆ ಬಂದ ಮೇಲೆ ಎಲ್ಲರೆದುರು ಅವನ ಕೈಗೆ ಐನೂರರ ನೋಟು ಇಟ್ಟು, ದೊಡ್ಡ ಮನುಷ್ಯನಂತೆ ಬೆನ್ನು ತಟ್ಟಿದೆ. ಅದೇ ಹೊತ್ತಿಗೆ ಒಬ್ಬ ಹುಡುಗ ಹೆಗಲಿಗೊಂದರಂತೆ ಎರಡು ಸಿಲಿಂಡರ್ ಹೊತ್ತು ನಮ್ಮ ಪಕ್ಕದಲ್ಲೇ ಹಾದುಹೋದ. ಹೋಗುವಾಗ ದಾರಿಯಲ್ಲಿ ನಾನು ಬೋಟಿನ ಅಂಚಿಗೆ ಒರಗಿ ವಾಂತಿ ಮಾಡುತ್ತಿದ್ದಾಗ ಬೀಳದಂತೆ ಸೊಂಟ ಹಿಡಿದಿದ್ದವನು ಅವನೇ. ನೋಟನ್ನು ನೋಡಿದ, ಏನೂ ಹೇಳಲಿಲ್ಲ, ಮುಂದೆ ಹೋದ. ಗೇರುಸೊಪ್ಪೆ ಘಾಟಿ ಹತ್ತಿ ಜೋಗ ಬರುವವರೆಗೂ ನನಗೆ ಸಮಾಧಾನವಿರಲಿಲ್ಲ.

ಆಮೇಲೆ ಹೋದಾಗಲೆಲ್ಲ ಯಾರು ಯಾವ ಕೆಲಸ ಮಾಡುತ್ತಾರೆಂದು ಗಮನಿಸತೊಡಗಿದೆ. ಬೋಟು ನಡೆಸುವವರು, ಲಂಗರು ಹಾಕಿ ಏಣಿ ಹಿಡಿಯುವವರು, ಉಪಕರಣ ತೊಳೆಯುವವರು ಹೇಗೂ ಕಣ್ಣಿಗೆ ಬೀಳುತ್ತಾರೆ. ಯಾರಿಗೂ ಕಾಣದವನು ಕಂಪ್ರೆಸರ್, ಅಂದರೆ ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ, ನೋಡಿಕೊಳ್ಳುವವನು. ಸಿಲಿಂಡರಿನಲ್ಲಿರುವುದು ಆಮ್ಲಜನಕವೆಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅದು ನಾವು ಉಸಿರಾಡುವ ಸಾದಾ ಗಾಳಿಯೇ, ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿದ್ದು. ಅವಸರದಿಂದ ತುಂಬಿದರೆ ಸಿಲಿಂಡರ್ ಬಿಸಿಯಾಗುತ್ತದೆ, ಆರಿದ ಮೇಲೆ ಒತ್ತಡ ಇಳಿಯುತ್ತದೆ. ಫಿಲ್ಟರ್ ಸಕಾಲಕ್ಕೆ ಬದಲಿಸದಿದ್ದರೆ, ಅಥವಾ ಗಾಳಿ ಎಳೆದುಕೊಳ್ಳುವ ಕೊಳವೆಯ ಬಳಿ ಎಂಜಿನ್ನಿನ ಹೊಗೆ ಸುಳಿದರೆ, ಕಾರ್ಬನ್ ಮಾನಾಕ್ಸೈಡ್ ಒಳಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟಾಗುವುದರಿಂದ ಅದರ ಪೆಟ್ಟೂ ಅಲ್ಲಿ ಹೆಚ್ಚು. ಹಗ್ಗದ ಕೆಳತುದಿ ಇರುವುದು ಈ ಮನುಷ್ಯನ ಕೈಯಲ್ಲಿ.

ಇನ್‌ಸ್ಟ್ರಕ್ಟರ್ ಕೆಲಸ ಹಗುರವೆಂದು ಇದರ ಅರ್ಥವಲ್ಲ. ನಾವು ಅರ್ಧ ಗಂಟೆ ಇದ್ದು ಬರುತ್ತೇವೆ, ಆತ ಒಬ್ಬರಾದ ಮೇಲೆ ಒಬ್ಬರನ್ನು ಇಳಿಸಿ ಹತ್ತಿಸುತ್ತಲೇ ಇರುತ್ತಾನೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಬಿಸಿ ಎಳೆಯುವುದರಿಂದ ನಮಗೆ ಹಿತವೆನಿಸುವ ಕಡಲಿನಲ್ಲೇ ಆತ ನಡುಗುತ್ತಾನೆ. ಮತ್ತೆ ಮತ್ತೆ ಇಳಿದೇಳುವುದು ಕಿವಿಗೂ ಒಳ್ಳೆಯದಲ್ಲ, ರಕ್ತದಲ್ಲಿ ಕರಗಿದ ಸಾರಜನಕ ಮೇಲೇಳುವಾಗ ಗುಳ್ಳೆಗಟ್ಟುವ ಅಪಾಯದ ಲೆಕ್ಕದಲ್ಲೂ ಒಳ್ಳೆಯದಲ್ಲ. ಮೇಲಾಗಿ ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನೇತ್ರಾಣಿಯಲ್ಲಿ ಡೈವಿಂಗ್ ಇಲ್ಲ, ಹಾಗಾಗಿ ಅಲ್ಲಿ ಈ ದುಡಿಮೆಯೂ ಇಲ್ಲ.

ಇನ್ನು ಮೊತ್ತ. ಈಚೆಗೆ ನಾವು ತಲೆಗೆ ಐದು ಸಾವಿರದ ಆಸುಪಾಸು ಶುಲ್ಕ ಕೊಟ್ಟು ಹೋಗಿದ್ದೆವು. ಅದರ ಹತ್ತನೇ ಒಂದು ಭಾಗ, ಅಂದರೆ ಐನೂರು, ನನ್ನ ಅಂದಾಜಿಗೆ ಸರಿಯಾದ ಮೊತ್ತ. ಅದರಲ್ಲಿ ಮುನ್ನೂರು ಇನ್‌ಸ್ಟ್ರಕ್ಟರಿಗೆ, ಇನ್ನೂರು ಉಳಿದವರಿಗೆ. ನಾಲ್ಕು ಜನ ಹೋದರೆ ಆ ಇನ್ನೂರುಗಳು ಸೇರಿ ಎಂಟು ನೂರಾಗುತ್ತದೆ, ಅದನ್ನು ಒಂದು ಕವರಿನಲ್ಲಿ ಹಾಕಿ 'ಬೋಟಿನವರಿಗೆ, ಕಂಪ್ರೆಸರಿನವರಿಗೆ' ಎಂದು ಬಾಯಿಬಿಟ್ಟು ಹೇಳಿಯೇ ಕೊಡಬೇಕು. ಕೆಲವು ಕಡೆ ಎಲ್ಲರಿಗೂ ಹಂಚುವ ಡಬ್ಬಿ ಇರುತ್ತದೆ. ಹಾಗಿದ್ದರೆ ಅದರಲ್ಲೇ ಹಾಕಿ, ಆದರೆ ಹಂಚುವುದು ಹೌದೇ ಎಂದು ಒಬ್ಬ ಬೋಟಿನವನನ್ನು ಕೇಳಿಕೊಳ್ಳಿ, ಮಾಲೀಕರನ್ನಲ್ಲ. ಕಾಲೇಜು ಹುಡುಗರು ದುಡ್ಡು ಕೂಡಿಸಿಕೊಂಡು ಬಂದಿದ್ದರೆ ಏನೂ ಕೊಡದಿದ್ದರೂ ಅವಮಾನವಿಲ್ಲ.

ಹೊರದೇಶದ ರೂಢಿಯನ್ನು ಇಲ್ಲಿಗೆ ತರುವವರೂ ಇದ್ದಾರೆ. ಅಮೆರಿಕ, ಕೆರಿಬಿಯನ್ ಕಡೆ ಒಂದು ಸಿಲಿಂಡರಿಗೆ ಐದರಿಂದ ಹತ್ತು ಡಾಲರ್ ಎಂಬ ಲೆಕ್ಕವಿದೆ, ಮಾಲ್ಡೀವ್ಸ್‌ನಲ್ಲಿ ಸೇವಾಶುಲ್ಕ ಬಿಲ್ಲಿನಲ್ಲೇ ಸೇರಿರುತ್ತದೆ, ಜಪಾನಿನಲ್ಲಿ ಟಿಪ್ಸ್ ಕೊಡುವ ಪದ್ಧತಿಯೇ ಇಲ್ಲ. ಇವುಗಳಲ್ಲಿ ಯಾವುದೂ ಮುರುಡೇಶ್ವರಕ್ಕೆ ಹೊಂದುವುದಿಲ್ಲ.

ನೀರಿಗಿಳಿಯುವ ಮೊದಲು ಮಾತ್ರ ಕೊಡಬೇಡಿ. ನನ್ನ ಜೊತೆ ಬಂದಿದ್ದ ಒಬ್ಬರು ಬೋಟಿನಲ್ಲೇ ಸಾವಿರ ರೂಪಾಯಿ ಚಾಚಿ, "ಸ್ವಲ್ಪ ಆಳಕ್ಕೆ ಕರೆದುಕೊಂಡು ಹೋಗಿ" ಎಂದರು. ಮೊದಲ ಸಲ ಇಳಿಯುವವರಿಗೆ 12 ಮೀಟರ್, ಓಪನ್ ವಾಟರ್ ಎಂಬ ಮೊದಲ ಹಂತದ ಡೈವಿಂಗ್ ಕೋರ್ಸ್ ಮುಗಿಸಿದವರಿಗೆ 18 ಮೀಟರ್ ಎಂಬ ಮಿತಿ ಇರುವುದು ಸುಮ್ಮನೆ ಅಲ್ಲ. ಇನ್‌ಸ್ಟ್ರಕ್ಟರ್ ನಗುತ್ತಲೇ ನೋಟನ್ನು ಅವರ ಚೀಲದೊಳಗೆ ತುರುಕಿದ. ತೆಗೆದುಕೊಂಡಿದ್ದರೆ ನಾನು ಆ ದಿನ ಇಳಿಯುತ್ತಿರಲಿಲ್ಲ.

ಅಂಥ ನಾಲ್ಕು ದಿನದ ಕೋರ್ಸ್ ಕಲಿಸಿದವರ ವಿಷಯದಲ್ಲಿ ನಮ್ಮವರಿಗೆ ಬೇರೆಯೇ ಸಂಕೋಚ. ಮೇಷ್ಟ್ರ ಕೈಗೆ ದುಡ್ಡು ತುರುಕುವುದು ಹೇಗೆ ಎನ್ನುತ್ತಾರೆ. ತಾಂಬೂಲದಲ್ಲಿಟ್ಟು ದಕ್ಷಿಣೆ ಕೊಡುವ ಊರಿನವರಿಗೆ ಈ ಸಂಕೋಚ ಏಕೋ ನನಗೆ ತಿಳಿಯದು. ಕವರಿನಲ್ಲಿ ಹಾಕಿ, ಕಲಿತದ್ದೇನೆಂದು ಎರಡು ಸಾಲು ಬರೆದು ಕೊಟ್ಟರಾಯಿತು.

ಒಂದು ಸಣ್ಣ ತೊಡಕಿದೆ. ಫೋನು, ಪರ್ಸು ಎಲ್ಲವನ್ನೂ ಕಾರಿನಲ್ಲೇ ಬಿಟ್ಟಿರುತ್ತೇವೆ, ಒದ್ದೆ ಚಡ್ಡಿಯಲ್ಲಿ ಇಳಿದು ಕಾರಿಗೆ ಹೋಗಿ ಬರುವಷ್ಟರಲ್ಲಿ ಬೋಟಿನವರು ಚದುರಿ ಹೋಗಿರುತ್ತಾರೆ. ಆದ್ದರಿಂದ ಮನೆಯಿಂದ ಹೊರಡುವಾಗಲೇ ನೂರರ ನೋಟುಗಳನ್ನು ಹಾಲಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಜೊತೆಗೆ ಮನೆಯ ಮಾವಿನ ಮಿಡಿ ಉಪ್ಪಿನಕಾಯಿಯನ್ನೂ ಒಯ್ಯುತ್ತೇನೆ, ಹಣದ ಬದಲಿಗಲ್ಲ. ಕಳೆದ ಸಲ ಕಂಪ್ರೆಸರ್ ಹುಡುಗನನ್ನು ಹುಡುಕಿಕೊಂಡು ಶೆಡ್ಡಿಗೆ ಹೋದಾಗ, ಅವನು ಕವರನ್ನು ಬಿಚ್ಚದೆ ಜೇಬಿಗಿಳಿಸಿ, ಬಾಟಲಿಯ ಮುಚ್ಚಳ ತೆಗೆದು ಮೂಸಿ, "ಜೀರಿಗೆ ಮಿಡಿಯಾ?" ಎಂದು ಕೇಳಿದ. ಅವನ ಊರು ನಮ್ಮ ಪಕ್ಕದ ಹೊಸನಗರವಂತೆ.