ಕಾಲು ನೆಟ್ಟಗೆ ಎಳೀರಿ

ಬೆಂಗಳೂರಲ್ಲಿ ಆಷಾಢದ ಗಾಳಿ ಬೀಸಿದರೆ ಗಾಳಿಪಟ ಮೇಲೇರುತ್ತವೆ. ಜೊತೆಗೆ ಮಾಂಜಾ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಪೂರ್ತಿ ನಿಷೇಧಿಸಿದೆ. ಆದರೂ ಕಳೆದ ಜುಲೈನಲ್ಲಿ ನಮ್ಮ ಮಹಡಿಯ ನೀರಿನ ಪೈಪಿಗೆ ಸಿಕ್ಕಿಕೊಂಡ ಅದೇ ದಾರದಲ್ಲಿ ಒಂದು ಹದ್ದು ತಲೆಕೆಳಗಾಗಿ ನೇತಾಡುತ್ತಿತ್ತು. ದಿನಾ ತಲೆ ಮೇಲೆ ಸುತ್ತುತ್ತಿರುತ್ತಲ್ಲ, ಬಾಲ ಸ್ವಲ್ಪ ಕವಲೊಡೆದ ಕಂದು ಹದ್ದು, ಅದು.

ಹಳೇ ಟವೆಲ್ ಹೊದಿಸಿ ದಾರ ಕತ್ತರಿಸಿದೆ. ಭಯವೆಲ್ಲ ಕೊಕ್ಕಿನದ್ದೇ ಆಗಿತ್ತು, ಕಾಲಿನ ಕಡೆ ಗಮನವೇ ಹೋಗಲಿಲ್ಲ. ಎಡಗೈ ಹೆಬ್ಬೆರಳಿನ ಬುಡ ಅದಕ್ಕೆ ಸಿಕ್ಕಿತು. ಹಿಂಬೆರಳಿನ ಉಗುರು ಮಾಂಸಕ್ಕೆ ಇಳಿಯಿತು. ಬಲಗೈಯಲ್ಲಿ ಒಂದೊಂದೇ ಬೆರಳು ಬಿಡಿಸಲು ನೋಡಿದೆ. ಒಂದನ್ನು ಎತ್ತುವಷ್ಟರಲ್ಲಿ ಉಳಿದ ಮೂರು ಇನ್ನೂ ಬಿಗಿಯುತ್ತಿದ್ದವು. ಆಮೇಲೆ ತೂಗಿದಾಗ ಆ ಹಕ್ಕಿ ಇದ್ದದ್ದು ಬರೀ 620 ಗ್ರಾಂ.

ಹೆಂಡತಿ ಹಕ್ಕಿ ಆಸ್ಪತ್ರೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. "ಬೆರಳು ಮುಟ್ಟಲೇಬೇಡಿ ಸರ್. ಕಾಲು ನೆಟ್ಟಗೆ ಎಳೀರಿ, ಮೆಲ್ಲಗೆ" ಅಂದರು ಡಾಕ್ಟರಮ್ಮ. ಮಡಿಸಿಕೊಂಡಿದ್ದ ಕಾಲನ್ನು ಅವಳು ಹಿಡಿದು ಚಾಚಿಸಿದಳು. ನಾಲ್ಕೂ ಬೆರಳು ಒಟ್ಟಿಗೆ ಸಡಿಲವಾದವು. ನೋವಿಗಿಂತ ಆಶ್ಚರ್ಯವೇ ಜಾಸ್ತಿ ಆಯ್ತು ನನಗೆ.

ಹದ್ದು ಉಳಿಯಲಿಲ್ಲ. ರೆಕ್ಕೆಯ ಮುಂಭಾಗದ ಚರ್ಮವನ್ನು ಮಾಂಜಾ ಮೂಳೆವರೆಗೂ ಕೊಯ್ದಿತ್ತು. ಮೂರನೇ ದಿನ ಹೋಯಿತು. ಮರಣೋತ್ತರ ಪರೀಕ್ಷೆ ಮಾಡುವಾಗ ನಾನೂ ಇರಬಹುದಾ ಅಂತ ಕೇಳಿದೆ. ಒಪ್ಪಿದರು.

ಮೊದಲು ಅವರು ತೋರಿಸಿದ್ದು ಮಂಡಿ. ಹಿಂದಕ್ಕೆ ಬಾಗಿದ ಹಾಗೆ ಕಾಣುವ ಗಂಟನ್ನೇ ನಾವು ಮಂಡಿ ಅಂದುಕೊಳ್ಳುತ್ತೇವೆ ಅಲ್ವಾ? ಅದು ಹಿಮ್ಮಡಿ. ನಿಜವಾದ ಮಂಡಿ ಹೊಟ್ಟೆಯ ಗರಿಗಳ ಒಳಗೆ ಅಡಗಿರುತ್ತದೆ. ಬೆರಳನ್ನು ಬಿಗಿಯುವ ದಪ್ಪ ಮಾಂಸಖಂಡಗಳು ಇರುವುದು ಈ ಎರಡು ಗಂಟುಗಳ ನಡುವೆ, ಕೋಳಿಯಲ್ಲಿ ನಾವು ಲೆಗ್ ಪೀಸ್ ಅನ್ನುವ ಜಾಗದಲ್ಲಿ. ಹಿಮ್ಮಡಿಯಿಂದ ಕೆಳಗೆ ಮಾಂಸ ಇಲ್ಲವೇ ಇಲ್ಲ ಅನ್ನಬಹುದು. ಮೂಳೆ, ಹುರುಪೆಯಂಥ ಚರ್ಮ, ಹಿಂಬದಿಯಲ್ಲಿ ಬಿಳೀ ದಾರದಂಥ ಸ್ನಾಯುರಜ್ಜುಗಳು ಅಷ್ಟೆ. ಚಿಕ್ಕವರಿದ್ದಾಗ ನಾಟಿ ಕೋಳಿ ಕಾಲಿನ ನರ ಎಳೆದು ಬೆರಳು ಆಡಿಸುತ್ತಿದ್ದೆವಲ್ಲ, ಆ ನರವೇ ಇದು.

ಇವುಗಳಲ್ಲಿ ಎರಡು ಮುಖ್ಯ. ಒಂದು ಹಿಂಬೆರಳಿನದು. ಇನ್ನೊಂದು ಕೆಳಗೆ ಮೂರಾಗಿ ಕವಲೊಡೆದು ಮುಂದಿನ ಬೆರಳುಗಳಿಗೆ ಹೋಗುತ್ತದೆ. ಎರಡೂ ಹಿಮ್ಮಡಿಯ ಹಿಂಬದಿಯಿಂದಲೇ ಹಾದು ಹೋಗುವುದರಿಂದ, ಕಾಲು ಮಡಿಸಿದರೆ ದಾರ ಜಗ್ಗುತ್ತದೆ, ಬೆರಳು ಮುಚ್ಚುತ್ತದೆ. ಆ ಲೆಗ್ ಪೀಸ್ ಜಾಗದ ಮುಂಭಾಗದಲ್ಲಿ ಹಿಮ್ಮಡಿಯ ಗಂಟನ್ನು ಮಡಿಸುವುದಕ್ಕೆಂದೇ ಇನ್ನೊಂದು ಮಾಂಸಖಂಡ ಇದೆ. ಬೇಟೆಹಕ್ಕಿಗಳಲ್ಲಿ ಅದು ಚೆನ್ನಾಗಿ ಬೆಳೆದಿರುತ್ತದೆ. ನನ್ನ ಕೈಯಲ್ಲಿ ಹದ್ದು ಮುದುಡಿಕೊಂಡಷ್ಟೂ ಹಿಡಿತ ಬಿಗಿಯಾಗಿದ್ದು ಇದಕ್ಕೇ.

ಆಮೇಲೆ ಒಂದು ಬೆರಳನ್ನು ಸೀಳಿ, ಭೂತಗನ್ನಡಿ ಕೊಟ್ಟರು. ರಜ್ಜುವಿನ ಅಡಿಭಾಗದಲ್ಲಿ ಸಣ್ಣ ಸಣ್ಣ ಗುಬಟು. ಅದು ಜಾರುವ ಕೊಳವೆಯ ಒಳಗೋಡೆಯಲ್ಲಿ ಅಡ್ಡಡ್ಡ ಗೆರೆಗಳ ಹಾಗೆ ಏಣು. ಹಿಡಿದದ್ದರ ಭಾರ ಬಿದ್ದಾಗ ಇವೆರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಕೇಬಲ್ ಟೈ ಹಲ್ಲಿನ ಹಾಗೆ. ಮಾಂಸಖಂಡ ಅಷ್ಟು ದುಡಿಯದಿದ್ದರೂ ಹಿಡಿತ ನಿಲ್ಲುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸ ನಾನು ಬೇರೆಲ್ಲೂ ನೋಡಿಲ್ಲ. ಅದನ್ನು ಒಂದು ಗಾಳಿಪಟದ ದಾರ ಮುಗಿಸಿಬಿಟ್ಟಿತ್ತು. ತುಂಬಾ ಸಂಕಟವಾಯ್ತು.

"ನೀವೇ ಎಳೆದು ನೋಡಿ" ಅಂತ ಇನ್ನೊಂದು ಕಾಲನ್ನು ಮುಂದೆ ಇಟ್ಟು ಚಿಮಟ ಕೊಟ್ಟರು. ಗ್ಲೌಸ್ ಹಾಕಿದ ತೋರುಬೆರಳನ್ನು ಪಾದದ ನಡುವೆ ಇಟ್ಟು, ಹಿಮ್ಮಡಿ ಮೇಲೆ ಬಿಡಿಸಿಟ್ಟಿದ್ದ ಬಿಳೀ ರಜ್ಜುಗಳನ್ನು ಎಳೆದೆ. ತಣ್ಣಗಿದ್ದ ಬೆರಳುಗಳು ಸುತ್ತಲೂ ಬಂದು ಮುಚ್ಚಿಕೊಂಡವು. ಸ್ವಲ್ಪ ಹೊತ್ತು ಹಾಗೇ ಇದ್ದೆ. ಆಮೇಲೆ ಚಿಮಟ ಕೆಳಗಿಟ್ಟು ಕಾಲನ್ನು ಮೆಲ್ಲಗೆ ನೆಟ್ಟಗೆ ಎಳೆದೆ.