ಪ್ಲಿನಿಯ ಪತ್ರದ ಇಬ್ಬರು ದಾಸಿಯರು

ಆರಂಭದ ಕ್ರೈಸ್ತರ ಬಗ್ಗೆ ಓದುತ್ತಿದ್ದವನ ಮನಸ್ಸು, ಕ್ರಿ.ಶ. 112ರ ಸುಮಾರಿಗೆ ಕಪ್ಪು ಸಮುದ್ರದ ದಕ್ಷಿಣ ತೀರದ ಬಿಥಿನಿಯ-ಪೊಂಟಸ್ ಪ್ರಾಂತ್ಯದಿಂದ ಅಲ್ಲಿನ ರಾಜ್ಯಪಾಲ ಪ್ಲಿನಿ ರೋಮ್ ಚಕ್ರವರ್ತಿ ಟ್ರಾಜನ್‌ನಿಗೆ ಬರೆದ ಪತ್ರವೊಂದರಲ್ಲೇ ನಿಂತುಬಿಟ್ಟಿದೆ. ಈ ಪಂಥ ಪಟ್ಟಣಗಳನ್ನು ದಾಟಿ ಹಳ್ಳಿಗಳಿಗೂ ಹಬ್ಬಿದೆ, ದೇವಾಲಯಗಳು ಬಿಕೋ ಎನ್ನುತ್ತಿದ್ದವು, ಬಲಿಯ ಮಾಂಸ ಕೊಳ್ಳುವವರೇ ಅಪರೂಪವಾಗಿದ್ದರು ಎಂದು ಆತ ಬರೆಯುತ್ತಾನೆ. ಏಸು ಶಿಲುಬೆಗೇರಿ ಆಗಿನ್ನೂ ನೂರು ವರ್ಷವೂ ಕಳೆದಿರಲಿಲ್ಲ.

ಕ್ರೈಸ್ತರೆಂಬ ಆರೋಪ ಹೊತ್ತವರನ್ನು ಪ್ಲಿನಿ ನಡೆಸಿದ ವಿಚಾರಣೆಯಲ್ಲಿ ಹೊರಬಿದ್ದದ್ದಾದರೂ ಏನು? ನಿಗದಿತ ದಿನ ಬೆಳಕು ಹರಿಯುವ ಮುನ್ನ ಸೇರಿ ಕ್ರಿಸ್ತನನ್ನು ದೇವರೆಂದು ಹಾಡಿ ಸ್ತುತಿಸುವುದು, ಕಳ್ಳತನ, ವ್ಯಭಿಚಾರ ಮಾಡುವುದಿಲ್ಲವೆಂದು ಪ್ರಮಾಣ ಮಾಡುವುದು, ಆಮೇಲೆ ಮತ್ತೆ ಕೂಡಿ ಸಾಧಾರಣ ಊಟ ಮಾಡುವುದು. ಇನ್ನೇನಾದರೂ ಬಚ್ಚಿಟ್ಟಿರಬಹುದೆಂದು, ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ್ದನ್ನು ಪ್ಲಿನಿ ಕಡತಕ್ಕೆ ಷರಾ ಬರೆದಷ್ಟೇ ನಿರ್ಲಿಪ್ತವಾಗಿ ದಾಖಲಿಸಿದ್ದಾನೆ. ಅವರ ಹೆಸರನ್ನು ಮಾತ್ರ ಬರೆದಿಲ್ಲ.

ಕ್ರೈಸ್ತರನ್ನು ಹುಡುಕಿಕೊಂಡು ಹೋಗುವುದು ಬೇಡ, ಆದರೆ ಆರೋಪ ರುಜುವಾತಾದರೆ ಶಿಕ್ಷಿಸಬೇಕು, ಅನಾಮಧೇಯ ದೂರುಗಳಿಗೆ ಬೆಲೆ ಕೊಡಬಾರದು ಎಂದು ಟ್ರಾಜನ್ ಉತ್ತರಿಸಿದ. ಕಡೆಯ ಮಾತು ನ್ಯಾಯವಾದದ್ದೇ. ಅಪರಾಧಿಗಳೆಂದ ಮೇಲೆ ಹುಡುಕಬಾರದೇಕೆ, ಹುಡುಕಬಾರದವರನ್ನು ದಂಡಿಸುವುದೇಕೆ ಎಂದು ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಮುಂದೆ ಕೇಳಿದ್ದು ಉಳಿದ ಮಾತುಗಳ ಕುರಿತೇ.